ಮೂವರಿಗೆ ಹಂಚಿದ ಮೇಲೆ ಉಳಿಯುವ ಆಣೆ

ಕೊಪ್ಪಳಕ್ಕೆ ಅಂಟಿಕೊಂಡೇ ಬೆಳೆದ ಭಾಗ್ಯನಗರಕ್ಕೆ ಎರಡು ಕಸುಬುಗಳಿಂದ ಹೆಸರು: ಒಂದು ನೇಕಾರಿಕೆ, ಇನ್ನೊಂದು ಕೂದಲಿನ ವ್ಯಾಪಾರ. ಊರ ಅಂಚಿಗೆ ಬಂದರೆ ಮಾತು ಮಗ್ಗದ್ದೂ ಅಲ್ಲ, ಕೂದಲಿನದೂ ಅಲ್ಲ, ನೆಲದ್ದು. ಹೊಲ ಸೈಟಾಗುತ್ತದೆ, ಸೈಟಾಗದ ಹೊಲ ಪಾಲಾಗುತ್ತದೆ. ಪಾಲು ಅಂದಕೂಡಲೇ ಮನೆಮಂದಿಯೆಲ್ಲ ಬಗ್ಗಿ ನೋಡುವ ಕಾಗದ ಒಂದೇ. ಕಚೇರಿಯಲ್ಲಿ ಅದು ಪಹಣಿ, ಹಿರಿಯರ ಬಾಯಲ್ಲಿ ಇನ್ನೂ ಉತಾರ.

ಆ ಕಾಗದದಲ್ಲಿ ಒಂದು ಹೊಲದ ಕ್ಷೇತ್ರ 4-13-7 ಎಂದು ಇದೆ ಅನ್ನೋಣ. ನಾಲ್ಕು ಎಕರೆ, ಹದಿಮೂರು ಗುಂಟೆ, ಏಳು ಆಣೆ. ಹಂಚಿಕೊಳ್ಳಬೇಕಾದವರು ಮೂವರು: ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಪಾಲು ಸರಿಯಾಗಿ ಬರುತ್ತದೋ, ಏನಾದರೂ ಉಳಿಯುತ್ತದೋ? ಕ್ಯಾಲ್ಕುಲೇಟರ್ ತೆಗೆಯುವ ಮೊದಲೇ ಉತ್ತರ ಹೇಳಬಹುದು. ನಾಲ್ಕು, ಹದಿಮೂರು, ಏಳು ಕೂಡಿಸಿ. ಇಪ್ಪತ್ತನಾಲ್ಕು. ಅದು ಮೂರರಿಂದ ಭಾಗವಾಗುತ್ತದೆ. ಹಾಗಾದರೆ ಹೊಲವೂ ಮೂವರಿಗೆ ಆಣೆ ಉಳಿಯದಂತೆ ಭಾಗವಾಗುತ್ತದೆ. ಒಬ್ಬೊಬ್ಬರಿಗೆ 1 ಎಕರೆ 17 ಗುಂಟೆ 13 ಆಣೆ.

ಎಕರೆಯನ್ನೂ ಗುಂಟೆಯನ್ನೂ ಆಣೆಯನ್ನೂ ಒಂದೇ ಬುಟ್ಟಿಗೆ ಹಾಕಿ ಕೂಡಿಸುವುದೆಂದರೆ ಕುರಿ, ಎಮ್ಮೆ, ಕೋಳಿಗಳನ್ನು ಒಟ್ಟಿಗೆ ಎಣಿಸಿದಂತೆ ಕಾಣುತ್ತದೆ. ಆದರೂ ಈ ಲೆಕ್ಕ ಯಾವ ಹೊಲಕ್ಕೂ ತಪ್ಪುವುದಿಲ್ಲ. ಕಾರಣ ಸರಳ. ಕರ್ನಾಟಕದ ಕಂದಾಯ ಲೆಕ್ಕದಲ್ಲಿ 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಒಂದು ಗುಂಟೆಯ ಹದಿನಾರು ಆಣೆಯನ್ನು ಮೂವರಿಗೆ ತಲಾ ಐದರಂತೆ ಕೊಟ್ಟರೆ ಒಂದು ಆಣೆ ಉಳಿಯುತ್ತದೆ. ಒಂದು ಎಕರೆ ಎಂದರೆ 640 ಆಣೆ. ತಲಾ 213ರಂತೆ ಕೊಟ್ಟರೆ ಅಲ್ಲಿಯೂ ಉಳಿಯುವುದು ಒಂದೇ ಆಣೆ. ಅಂದಮೇಲೆ ಪ್ರತಿ ಎಕರೆ ಒಂದು ಆಣೆಯನ್ನು ಹಿಂದೆ ಬಿಡುತ್ತದೆ, ಪ್ರತಿ ಗುಂಟೆ ಒಂದು ಆಣೆಯನ್ನು ಬಿಡುತ್ತದೆ, ಬಿಡಿ ಆಣೆಗಳು ಇದ್ದೇ ಇವೆ. ಹಾಗೆ ಉಳಿದ ಆಣೆಗಳ ರಾಶಿ 4+13+7. ಆ ರಾಶಿ ಮೂವರಿಗೆ ಸರಿಹೋದರೆ ಇಡೀ ಹೊಲ ಸರಿಹೋದಂತೆ.

ಐವರು ಪಾಲುದಾರರಿದ್ದರೆ ಲೆಕ್ಕ ಇನ್ನೂ ಹಗುರ. 640 ಐದರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಎಕರೆಯ ಕಡೆ ನೋಡುವುದೇ ಬೇಡ. ಗುಂಟೆ ಮಾತ್ರ ಒಂದೊಂದು ಆಣೆ ಉಳಿಸುತ್ತದೆ. 13 ಮತ್ತು 7 ಕೂಡಿಸಿದರೆ 20, ಐದರಿಂದ ಹೋಗುತ್ತದೆ. ಅದೇ ಹೊಲ ಐವರಿಗೂ ಸರಿಯಾಗಿ ಒಡೆಯುತ್ತದೆ, ತಲಾ 34 ಗುಂಟೆ 11 ಆಣೆ. ನಾಲ್ವರಾದರೆ ಆಣೆಯ ಮನೆಯೊಂದನ್ನು ನೋಡಿದರೆ ಸಾಕು, ಏಕೆಂದರೆ ಹದಿನಾರು ನಾಲ್ಕರಿಂದ ಹೋಗುತ್ತದೆ. ಇಲ್ಲಿ ಆಣೆ ಏಳು, ಮೂರು ಉಳಿಯುತ್ತದೆ. ಏಳು ಜನರಿದ್ದರೆ ಎಕರೆಯ ಮೂರರಷ್ಟು, ಗುಂಟೆಯ ಎರಡರಷ್ಟು ಮತ್ತು ಆಣೆಯನ್ನು ಕೂಡಿಸಬೇಕು: 12+26+7, ಒಟ್ಟು 45. ಏಳರಿಂದ ಭಾಗಿಸಿದರೆ ಮೂರು ಉಳಿಯುತ್ತದೆ. ಹೊಲದಲ್ಲಿಯೂ ಉಳಿಯುವುದು ಮೂರೇ ಆಣೆ.

ಶಾಲೆಯಲ್ಲಿ ಕಲಿಸುವ ಒಂದು ಸೂತ್ರದ ಅಣ್ಣತಮ್ಮ ಇದು. ಅಂಕಿಗಳನ್ನು ಕೂಡಿಸಿ, ಮೊತ್ತ ಮೂರರಿಂದ ಹೋದರೆ ಸಂಖ್ಯೆಯೂ ಹೋಗುತ್ತದೆ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದು ಸಂಖ್ಯೆಗಳ ಸಹಜ ಗುಣ ಎಂದೇ ಹೆಚ್ಚಿನವರು ನಂಬಿದ್ದಾರೆ. ನಿಜದಲ್ಲಿ ಅದು ಹತ್ತರ ಗುಣ: ಹತ್ತನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ನೂರನ್ನು ಭಾಗಿಸಿದರೂ ಒಂದು, ಸಾವಿರವನ್ನು ಭಾಗಿಸಿದರೂ ಒಂದು. ಬರೆಯುವ ಮಾನ ಬದಲಾದರೆ ಸೂತ್ರವೂ ಬದಲಾಗುತ್ತದೆ. ನಮ್ಮ 4-13-7, ಅಂದರೆ ಒಟ್ಟು 2775 ಆಣೆಯ ಹೊಲ ಮೂವರಿಗೆ ಸರಿಯಾಗಿ ಹಂಚಿಹೋಗುವುದು ಸಂಖ್ಯೆಯದೇ ಸ್ವಭಾವ. ಯಾವ ಲಿಪಿಯಲ್ಲಿ, ಯಾವ ಮಾನದಲ್ಲಿ ಬರೆದರೂ ಅದು ಅಳಿಯುವುದಿಲ್ಲ. ಅದನ್ನು ಕಂಡುಹಿಡಿಯುವ ದಾರಿ ಮಾತ್ರ ಬರಹದ್ದು. ಸಂಖ್ಯೆಯ ಮೈಗುಣ ಯಾವುದು, ಅದು ತೊಟ್ಟ ಅಂಗಿಯ ಗುಣ ಯಾವುದು ಎಂದು ಬೇರ್ಪಡಿಸಿ ನೋಡಲು ಪಹಣಿಗಿಂತ ಒಳ್ಳೆಯ ಪಾಠ ಹಳ್ಳಿಗಳಲ್ಲಿ ಇನ್ನೊಂದಿಲ್ಲ.

ಪಹಣಿಯ ಈ ಬರಹವನ್ನು ತಪ್ಪಾಗಿ ಓದಿದರೆ ಆಗುವ ನಷ್ಟ ಸಣ್ಣದಲ್ಲ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ಎಷ್ಟೋ ಕಡೆ 2.20 ಎಂದು ಚುಕ್ಕಿಯಿಟ್ಟು ಬರೆಯುತ್ತಾರೆ. ಅದನ್ನು ಹಾಗೆಯೇ ಕ್ಯಾಲ್ಕುಲೇಟರಿಗೆ ಒತ್ತಿ ಎಕರೆಯ ದರದಿಂದ ಗುಣಿಸಿದವರು ಎರಡೂವರೆ ಎಕರೆಯನ್ನು ಎರಡೂ ಐದನೇ ಒಂದು ಎಕರೆಯಾಗಿ ಮಾರಿದಂತಾಯಿತು. ಕೈಬಿಟ್ಟುಹೋದದ್ದು ಹನ್ನೆರಡು ಗುಂಟೆ, ಅಂದರೆ 13,068 ಚದರಡಿ. ಮೂವತ್ತು–ನಲವತ್ತರ ಹತ್ತು ಸೈಟಿಗಿಂತ ಹೆಚ್ಚು ನೆಲ. ಇದೇ ಜನ ಕ್ರಿಕೆಟ್ ನೋಡುವಾಗ ಎಂದೂ ಎಡವುವುದಿಲ್ಲ. 19.4 ಓವರ್ ಎಂದರೆ ಇನ್ನು ಎರಡೇ ಎಸೆತ ಎಂದು ಎಂಟು ವರ್ಷದ ಹುಡುಗನಿಗೂ ಗೊತ್ತು, 19.4 ಆದಮೇಲೆ 19.5, ಅದಾದಮೇಲೆ 20. ಅದು ಆರರ ಮಾನ. ಆಟದಲ್ಲಿ ಕಣ್ಣಿಗೆ ಒಗ್ಗಿದ ಎಚ್ಚರ ಹೊಲದ ಕಾಗದಕ್ಕೂ ಬರಬೇಕು.

ಆಣೆ ಎಂಬ ಮಾತು ನೆಲಕ್ಕೆ ಬಂದದ್ದು ರೂಪಾಯಿಯ ಲೆಕ್ಕದಿಂದ. ಹದಿನಾರಾಣೆ ಎಂದರೆ ಪೂರ್ತಿ. ‘ಹದಿನಾರಾಣೆ ಖರೆ’ ಎಂಬ ಮಾತು ಆಣೆಯ ನಾಣ್ಯವನ್ನೇ ನೋಡದವರ ನಾಲಿಗೆಯಲ್ಲೂ ಇದೆ. ಭೂಮಾಪನದ 33 ಅಡಿಯ ಸರಪಳಿಯನ್ನೂ ಹದಿನಾರು ಆಣೆಯಾಗಿಯೇ ಭಾಗ ಮಾಡಿದ್ದರು. ಆ ಸರಪಳಿಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹಿಡಿದರೆ 1089 ಚದರಡಿ, ಅದೇ ಒಂದು ಗುಂಟೆ. ಬೆಳೆ ಎಷ್ಟು ಬಂದೀತು ಎಂಬ ಸರ್ಕಾರಿ ಅಂದಾಜಿಗೂ ಆಣೆವಾರಿ ಎಂದೇ ಹೆಸರು. ಅದಕ್ಕೂ ಹಿಂದೆ ಕನ್ನಡದಲ್ಲಿ ಹದಿನಾರನೇ ಒಂದಕ್ಕೆ ವೀಸ ಎಂಬ ಸ್ವಂತ ಹೆಸರಿತ್ತು, ಅದರ ನಾಲ್ಕನೇ ಒಂದಕ್ಕೆ ಕಾಣಿ. ಅರೆ, ಕಾಲು, ವೀಸ, ಕಾಣಿ: ಎಲ್ಲವೂ ಅರ್ಧಿಸುತ್ತ ಹೋದಾಗ ಸಿಗುವ ಭಾಗಗಳು.

ಅರ್ಧಿಸುವ ಈ ಅಭ್ಯಾಸ ಅಡುಗೆಮನೆಯಲ್ಲೂ ಇತ್ತು. ಒಂದು ಸೇರು, ಅದರ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಪಾವಿನ ಅರ್ಧ ನವಟಾಕು, ಅದರ ಅರ್ಧ ಚಟಾಕು. ಸೇರಿನಲ್ಲಿ ಹದಿನಾರು ಚಟಾಕು. ಈಗ ಹದಿಮೂರು ಚಟಾಕು ಜೋಳ ಬೇಕು. ಚಟಾಕನ್ನು ಹದಿಮೂರು ಸಲ ತುಂಬುವವರು ಯಾರೂ ಇರಲಿಲ್ಲ. ಅಚ್ಚೇರು ಒಂದು, ಪಾವು ಒಂದು, ನವಟಾಕು ಬೇಡ, ಚಟಾಕು ಒಂದು. ಎಂಟು, ನಾಲ್ಕು, ಒಂದು ಸೇರಿ ಹದಿಮೂರು. ಬಳಸಿದ ಪಾತ್ರೆಗೆ ಒಂದು, ಬಳಸದ ಪಾತ್ರೆಗೆ ಸೊನ್ನೆ ಎಂದು ಬರೆದರೆ 1101. ದ್ವಿಮಾನದಲ್ಲಿ ಹದಿಮೂರನ್ನು ಬರೆಯುವುದು ಹೀಗೆಯೇ. ಸಾಲಿನ ಪಾತ್ರೆಗಳು ಒಂದೊಂದೇ ಇದ್ದರೂ ಚಟಾಕಿನ ಲೆಕ್ಕದಲ್ಲಿ ಸೇರಿಗಿಂತ ಕಡಿಮೆಯ ಎಲ್ಲ ಅಳತೆಗಳೂ ಸಿಗುತ್ತವೆ. ಒಂದೊಂದು ಅಳತೆ ಒಂದೊಂದೇ ಬಗೆಯಲ್ಲಿ ಸಿಗುತ್ತದೆ. ಜೋಳ ಅಳೆದುಕೊಡುತ್ತಿದ್ದ ಅಜ್ಜಿಯ ಕೈ ದಿನವೂ ಮಾಡುತ್ತಿದ್ದ ಕೆಲಸವನ್ನೇ ಇಂದಿನ ಕಂಪ್ಯೂಟರ್ ಮಾಡುತ್ತಿದೆ.

ಹಣದ ವಿಷಯಕ್ಕೆ ಬಂದರೆ ಕೊಪ್ಪಳ ಸೀಮೆಯ ಕಥೆಯೇ ಬೇರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ಇಲ್ಲಿ ನಡೆಯುತ್ತಿದ್ದದ್ದು ಸಂಸ್ಥಾನದ ಸ್ವಂತ ರೂಪಾಯಿ, ಹಾಲಿ ಸಿಕ್ಕಾ. ಪಶ್ಚಿಮಕ್ಕೆ ಗದಗಿನ ಹತ್ತಿಯ ಪೇಟೆ ಮುಂಬಯಿ ಪ್ರಾಂತ್ಯದ್ದು, ತುಂಗಭದ್ರೆ ದಾಟಿದರೆ ಹೊಸಪೇಟೆ, ಬಳ್ಳಾರಿ ಮದರಾಸು ಪ್ರಾಂತ್ಯದವು. ಎರಡೂ ಕಡೆ ಬ್ರಿಟಿಷ್ ರೂಪಾಯಿ, ಸಂಸ್ಥಾನದವರ ಮಾತಿನಲ್ಲಿ ಕಲ್ದಾರ್. ಎರಡೂ ರೂಪಾಯಿಗಳಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಬೆಲೆ ಮಾತ್ರ ಬೇರೆ: ಆರು ಕಲ್ದಾರಿಗೆ ಏಳು ಹಾಲಿ. ಸರ್ಕಾರಿ ಲೆಕ್ಕಪತ್ರಗಳಲ್ಲಿ ಇದನ್ನು ಬರೆಯುತ್ತಿದ್ದ ರೀತಿ ಹೀಗೆ: 100 ಕಲ್ದಾರ್ ಎಂದರೆ 116 ರೂಪಾಯಿ 10 ಆಣೆ 8 ಪೈ ಹಾಲಿ.

ಆ ಮೂರು ಅಂಕಿಗಳ ಮುಂದೆ ಸ್ವಲ್ಪ ನಿಲ್ಲಬೇಕು. ಏಳುನೂರನ್ನು ಆರರಿಂದ ಭಾಗಿಸಿದರೆ ದಶಮಾನದಲ್ಲಿ 116.6666 ಎಂದು ಆರು ಮುಗಿಯದೆ ಬರುತ್ತಲೇ ಇರುತ್ತದೆ. ಎಲ್ಲಿ ನಿಲ್ಲಿಸಿದರೂ ಚೂರು ತಪ್ಪು. ರೂಪಾಯಿ–ಆಣೆ–ಪೈಯಲ್ಲಿ ಅದೇ ಸಂಖ್ಯೆ 116-10-8 ಎಂದು ಮುಗಿದುಹೋಗುತ್ತದೆ, ಚೂರೂ ಉಳಿಯದೆ. ರೂಪಾಯಿಯ ಮೂರನೇ ಎರಡು ಭಾಗ ಎಂದರೆ ಸರಿಯಾಗಿ ಹತ್ತಾಣೆ ಎಂಟು ಪೈ. ಹನ್ನೆರಡರಲ್ಲಿ ಮೂರು ಅಡಗಿದೆ, ಹತ್ತರಲ್ಲಿ ಇಲ್ಲ, ವ್ಯತ್ಯಾಸ ಅಷ್ಟೇ. ಒಂದು ಭಿನ್ನರಾಶಿ ಮುಗಿಯುತ್ತದೋ, ಮರುಕಳಿಸುತ್ತದೋ ಎಂಬುದು ಅದರ ಛೇದದ ಅವಿಭಾಜ್ಯ ಅಪವರ್ತನಗಳು ಬರೆಯುವ ಮಾನದೊಳಗೆ ಇವೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ತಿರುಗಿಸಿ ನೋಡಿ: ನೂರು ಹಾಲಿಯನ್ನು ಕಲ್ದಾರಿಗೆ ಬದಲಿಸಿದರೆ 85 ರೂಪಾಯಿ 11 ಆಣೆ 5 ಪೈ, ಮೇಲೆ ಪೈಯ ಏಳನೇ ಒಂದು. ಏಳು ಹದಿನಾರರಲ್ಲೂ ಇಲ್ಲ, ಹನ್ನೆರಡರಲ್ಲೂ ಇಲ್ಲ. ಗದಗಿನಿಂದ ಬರುವ ಹಣದ ಲೆಕ್ಕ ಚೊಕ್ಕವಾಗಿ ಮುಗಿಯುತ್ತಿತ್ತು, ಗದಗಿಗೆ ಹೋಗುವ ಹಣದ ಲೆಕ್ಕ ಮುಗಿಯುತ್ತಿರಲಿಲ್ಲ!

1957ರ ಏಪ್ರಿಲ್ 1ರಂದು ದೇಶಕ್ಕೆಲ್ಲ ನಯಾಪೈಸೆ ಬಂತು. ರೂಪಾಯಿಗೆ ನೂರು. ಆಣೆಗೆ ಆರೂಕಾಲು ನಯಾಪೈಸೆ ಆಗಬೇಕಾಗಿದ್ದರೂ ಕಾಲು ಪೈಸೆಯ ನಾಣ್ಯವಿಲ್ಲ. ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂಬ ಪಟ್ಟಿ ಬಂತು. ಒಂದಾಣೆಯ ಸಾಮಾನನ್ನು ಮೂರು ಸಲ ಬೇರೆಬೇರೆಯಾಗಿ ಕೊಂಡರೆ 18, ಒಟ್ಟಿಗೆ ಕೊಂಡರೆ 19. ಜನ ಗೊಣಗಿದ್ದರಲ್ಲಿ ನ್ಯಾಯವಿತ್ತು. ಹಾಗೆಂದು ದಶಮಾನದಿಂದ ಆದ ಅನುಕೂಲವನ್ನು ಅಲ್ಲಗಳೆಯಲಾಗದು. ರೂಪಾಯಿ, ಆಣೆ, ಪೈಯನ್ನು ಮೂರು ಕಂಬಗಳಲ್ಲಿ ಕೂಡಿಸಿ, ಒಂದು ಕಡೆ ಹನ್ನೆರಡಕ್ಕೆ ದಶಕ, ಇನ್ನೊಂದು ಕಡೆ ಹದಿನಾರಕ್ಕೆ ದಶಕ ಏರಿಸುತ್ತ ಮಕ್ಕಳು ಸವೆಸಿದ ಸ್ಲೇಟುಗಳಿಗೆ ಲೆಕ್ಕವಿಲ್ಲ. ಆ ಹೊರೆ ಇಳಿಯಿತು. ಕಳೆದುಕೊಂಡದ್ದರಲ್ಲಿ ಮುಖ್ಯವಾದದ್ದು: ರೂಪಾಯಿಯನ್ನು ಮೂವರಿಗೆ ಸರಿಯಾಗಿ ಹಂಚುವ ಶಕ್ತಿ. ತಲಾ ಐದಾಣೆ ನಾಲ್ಕು ಪೈ ಬರುತ್ತಿದ್ದಲ್ಲಿ ಈಗ ತಲಾ ಮೂವತ್ತಮೂರು ಪೈಸೆ, ಒಂದು ಪೈಸೆ ಅನಾಥ.

ನೆಲಕ್ಕೆ ಆ ಶಕ್ತಿ ಮೊದಲಿನಿಂದಲೂ ಇರಲಿಲ್ಲ. ನಲವತ್ತು ಎಂದರೆ ಮೂರು ಎರಡು ಮತ್ತು ಒಂದು ಐದರ ಗುಣಲಬ್ಧ, ಹದಿನಾರು ಎಂದರೆ ಬರೀ ಎರಡುಗಳು. ಎರಡು ಪಾಲು, ನಾಲ್ಕು ಪಾಲು, ಐದು ಪಾಲು, ಎಂಟು ಪಾಲು ಆದರೆ ಎಕರೆ ನಗುನಗುತ್ತ ಒಡೆಯುತ್ತದೆ. ಮೂರು ಎಂದರೆ 13 ಗುಂಟೆ 5 ಆಣೆ, ಮೇಲೆ ಆಣೆಯ ಮೂರನೇ ಒಂದು. ಕರ್ನಾಟಕದಲ್ಲಿ 1994ರ ತಿದ್ದುಪಡಿ, ದೇಶಕ್ಕೆಲ್ಲ 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟವು. ಇಬ್ಬರು ಗಂಡುಮಕ್ಕಳ ಜೊತೆ ಒಬ್ಬ ಮಗಳಿರುವ ಎಷ್ಟೋ ಮನೆಗಳಲ್ಲಿ ಪಾಲುದಾರರ ಪಟ್ಟಿ ಬೆಳೆಯಿತು. ನ್ಯಾಯ ಬಂದದ್ದು ಎಲ್ಲಕ್ಕಿಂತ ದೊಡ್ಡ ಮಾತು. ಮೋಜಣಿಯವರಿಗೆ ಮೂರರ ಭಾಗಾಕಾರ ಹೆಚ್ಚಾದದ್ದು ಅದರ ಬಾಲ.

ಕೊಪ್ಪಳದ ನೆಲಕ್ಕೆ ಅಂಕಿಗಳ ಹಳೆಯ ನೆನಪೂ ಇದೆ. ಇಲ್ಲಿನ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಕಿರು ಶಿಲಾಶಾಸನವಿದೆ, ಆರ್. ಎಲ್. ಟರ್ನರ್ ಅವನ್ನು 1932ರಲ್ಲಿ ಪ್ರಕಟಿಸಿದರು. ಇದೇ ಶಾಸನದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಪ್ರತಿಯಲ್ಲಿ 256 ಎಂಬ ಸಂಖ್ಯೆ ಅಂಕಿಗಳಲ್ಲಿ ಕೆತ್ತಿದೆ. ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆ ಅದೆಂದು ವಿದ್ವಾಂಸರು ಅರ್ಥ ಮಾಡಿದ್ದಾರೆ. ಆಗ ಸೊನ್ನೆ ಇರಲಿಲ್ಲ, ಸ್ಥಾನಬೆಲೆಯೂ ಇರಲಿಲ್ಲ. ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಒಂದು, ಆರಕ್ಕೆ ಒಂದು. ಇಂದು ನಮಗೆ ಅದು ಸಾಧಾರಣ 256. ಹದಿನಾರರ ಮಾನದಲ್ಲಿ ಬರೆದರೆ ಅದೇ ಸಂಖ್ಯೆ 100, ದ್ವಿಮಾನದಲ್ಲಿ ಒಂದರ ಮುಂದೆ ಎಂಟು ಸೊನ್ನೆ. ಜಕಾರ್ಡ್ ಮಗ್ಗದಲ್ಲಿ ಹಾಸಿನ ಎಂಟು ಎಳೆಗಳನ್ನು ಬೇರೆಬೇರೆಯಾಗಿ ಎತ್ತುವ ವ್ಯವಸ್ಥೆ ಇದ್ದರೆ, ಪ್ರತಿ ಎಳೆ ಮೇಲೆ ಅಥವಾ ಕೆಳಗೆ, ಹೊಕ್ಕಿನ ಒಂದು ಸಾಲಿಗೆ ಸಾಧ್ಯವಿರುವ ವಿನ್ಯಾಸಗಳು ಸರಿಯಾಗಿ 256. ಸೊನ್ನೆಗಳು ಬರುತ್ತವೆ, ಹೋಗುತ್ತವೆ. 256 ಹದಿನಾರರ ವರ್ಗ ಎಂಬುದು ಬಂಡೆಯ ಮೇಲೂ ಮಗ್ಗದ ಮೇಲೂ ಒಂದೇ.

ನೃಪತುಂಗನ ಕಾಲದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದು, ಅದೇ ಇಂದಿನ ಕೊಪ್ಪಳ. ಅದೇ ದೊರೆಯನ್ನು ಹೊಗಳಿ ‘ಗಣಿತಸಾರಸಂಗ್ರಹ’ ಬರೆದವನು ಮಹಾವೀರಾಚಾರ್ಯ, ಸುಮಾರು 850ರಲ್ಲಿ. ಗುಣಾಕಾರ ಕಲಿಸುವಾಗ ಆತನಿಗೆ ಹಾರದಂಥ ಉತ್ತರಗಳ ಮೇಲೆ ಪ್ರೀತಿ. 139ನ್ನು 109ರಿಂದ ಗುಣಿಸಿದರೆ 15151. 27994681ನ್ನು 441ರಿಂದ ಗುಣಿಸಿದರೆ 12345654321, ಒಂದರಿಂದ ಆರಕ್ಕೆ ಏರಿ ಮತ್ತೆ ಇಳಿಯುವ ಮಾಲೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಈ ಎರಡು ಹಾರಗಳನ್ನು ಹತ್ತರ ಮಾನದಿಂದ ಹೊರಗೆ ತಂದರೆ ಏನಾಗುತ್ತದೆ? ಹದಿನಾರರ ಮಾನದಲ್ಲಿ 139 ಮತ್ತು 109 ಎಂದು ಬರೆದು ಗುಣಿಸಿದರೆ ಬರುವುದು 14401. ಮೊದಲ ಹಾರದ ದಾರ ಹರಿಯಿತು. 15151 ಹೊಳೆದದ್ದು ಹತ್ತಕ್ಕೆ ದಶಕ ಏರಿದ್ದರಿಂದ ಮಾತ್ರ. ಎರಡನೆಯದು ಬೇರೆ ಜಾತಿ. ಅದು 111111ರ ವರ್ಗ. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸುವಾಗ ಕಂಬಗಳ ಮೊತ್ತ 1, 2, 3, 4, 5, 6, ಮತ್ತೆ 5, 4, 3, 2, 1. ಎಲ್ಲಿಯೂ ದಶಕ ಏರುವುದಿಲ್ಲ. ಆದ್ದರಿಂದ ಏಳರ ಮಾನದಲ್ಲಿ, ಎಂಟರಲ್ಲಿ, ಹನ್ನೆರಡರಲ್ಲಿ, ಹದಿನಾರರಲ್ಲಿ, ಏಳು ಅಥವಾ ಅದಕ್ಕಿಂತ ದೊಡ್ಡದಾದ ಯಾವ ಮಾನದಲ್ಲಿ 111111 ಎಂದು ಬರೆದು ವರ್ಗ ಮಾಡಿದರೂ ಉತ್ತರ 12345654321 ಎಂದೇ ಬರುತ್ತದೆ. ಸಾವಿರದ ನೂರು ವರ್ಷಗಳಿಗೂ ಹಿಂದಿನ ಆ ಮಾಲೆ ಬಾಡದೆ ಉಳಿದಿರುವುದು ಹೀಗೆ.

ಬೆಸ–ಸಮ ಎಂಬ ಸಣ್ಣ ಗುಣದಲ್ಲೂ ಇಂಥದೇ ಪಾಠವಿದೆ. ಕೊನೆಯ ಅಂಕಿ ನೋಡಿ ಬೆಸ–ಸಮ ಹೇಳುವುದು ಸಮ ಮಾನಗಳಲ್ಲಿ ಮಾತ್ರ ನಡೆಯುತ್ತದೆ. ವಾರ ಮತ್ತು ದಿನದಲ್ಲಿ ಲೆಕ್ಕ ಹಾಕಿದರೆ, ಒಂದು ವಾರ ಮೂರು ದಿನಕ್ಕೆ ಕೊನೆಯ ಅಂಕಿ ಮೂರು, ಆದರೆ ದಿನಗಳು ಹತ್ತು. ಏಳು ಬೆಸ ಆದ್ದರಿಂದ ಅಲ್ಲಿ ಎರಡೂ ಅಂಕಿಗಳನ್ನು ಕೂಡಿಸಬೇಕು: 1+3, ನಾಲ್ಕು, ಸಮ.

ಈಗ ಮತ್ತೆ ಪಹಣಿಗೆ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹೋಗಿ ಎರಡು ದಶಕ ದಾಟಿದೆ. 4-13-7 ಹೊಲದ 2775 ಆಣೆಯನ್ನು ದ್ವಿಮಾನದಲ್ಲಿ ಬರೆದರೆ 101011010111. ಬಲದಿಂದ ಒಂದು ಬಿಟ್ಟು ಒಂದು ಮನೆಯ ಅಂಕಿಗಳನ್ನು ಕೂಡಿಸಿದರೆ ನಾಲ್ಕು, ಬಿಟ್ಟ ಮನೆಗಳನ್ನು ಕೂಡಿಸಿದರೂ ನಾಲ್ಕು. ವ್ಯತ್ಯಾಸ ಸೊನ್ನೆ, ಆದ್ದರಿಂದ ಸಂಖ್ಯೆ ಮೂರರಿಂದ ಹೋಗುತ್ತದೆ. ನಾವು ಹತ್ತರಲ್ಲಿ ಹನ್ನೊಂದಕ್ಕೆ ಮಾಡುವ ಪರೀಕ್ಷೆಯನ್ನೇ ಎರಡರ ಮಾನದಲ್ಲಿ ಮೂರಕ್ಕೆ ಮಾಡಬೇಕು, ಏಕೆಂದರೆ ಹತ್ತಕ್ಕೆ ಮುಂದಿನದು ಹನ್ನೊಂದು, ಎರಡಕ್ಕೆ ಮುಂದಿನದು ಮೂರು. ಆ ಹನ್ನೆರಡು ಅಂಕಿಗಳನ್ನು ನಾಲ್ಕು ನಾಲ್ಕಾಗಿ ಕಟ್ಟಿದರೆ ಹದಿನಾರರ ಮಾನದಲ್ಲಿ 10, 13, 7 ಎಂಬ ಮೂರು ಮನೆಗಳು. ಗುಂಟೆಯ 13, ಆಣೆಯ 7 ಹಾಗೆಯೇ ಉಳಿದವು. ನಾಲ್ಕು ಎಕರೆಯ 160 ಗುಂಟೆ ಹತ್ತು ಹದಿನಾರುಗಳಾಗಿ ಕೂತಿತು. ಕೂಡಿಸಿದರೆ 30. ಹದಿನಾರರ ಮಾನದಲ್ಲಿ ಅಂಕಿಗಳ ಮೊತ್ತ ಹೇಳುವುದು ಹದಿನೈದರ ಸುದ್ದಿ, ಅಂದರೆ ಮೂರರದೂ ಐದರದೂ. ಮೂವರಿಗೂ ಐವರಿಗೂ ಹೊಲ ಸರಿಯಾಗಿ ಒಡೆಯುತ್ತದೆ ಎಂದು ಬೆರಳೆಣಿಕೆಯಲ್ಲಿ ಕಂಡದ್ದನ್ನು ಯಂತ್ರದ ಬರಹವೂ ಹೇಳಿತು.

ಪಕ್ಕದ ಹೊಲದ ಉತಾರದಲ್ಲಿ 4-13-8 ಎಂದಿದ್ದರೆ? ಮೊತ್ತ 25. ಮೂವರಿಗೆ ತಲಾ 1-17-13 ಕೊಟ್ಟಮೇಲೆ ಒಂದು ಆಣೆ ಉಳಿಯುತ್ತದೆ: 68 ಚದರಡಿ, ಎಂಟಡಿ ಉದ್ದ, ಎಂಟೂವರೆ ಅಡಿ ಅಗಲ. ಬದುವಿನ ಮೇಲೆ ಒಂದು ಬೇವಿನ ಗಿಡ ನಿಲ್ಲುವಷ್ಟು ಜಾಗ, ನೆರಳು ಮೂರೂ ಪಾಲಿನ ಮೇಲೆ.